ಇಬ್ಬರು ಒಳಗೆ, ಲೆಕ್ಕದಲ್ಲಿ ಒಬ್ಬರು

ಹೊಳಲ್ಕೆರೆ ರಸ್ತೆಯ ಆ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿಗೆ ಎರಡು ಬಾಗಿಲು. ಹತ್ತಿ ಸಿಕ್ಕಿಕೊಂಡರೆ ಬಿಡಿಸಲು ಒಳಗೇ ಇಳಿಯಬೇಕು. ಒಳಗೆ ಮನುಷ್ಯರಿರುವಾಗ ಪ್ರೆಸ್ ಚಾಲೂ ಆಗದಂತೆ ಕಾಯುವ ಪ್ರೋಗ್ರಾಂ ಬರೆಯುವ ಘನಕಾರ್ಯ ನನ್ನ ಪಾಲಿಗೆ ಬಂದಿತ್ತು.

ಬಾಗಿಲಿಗೊಂದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ದುಡಿಯುವ ಇಬ್ಬರು ಗುಮಾಸ್ತರು. ಇಬ್ಬರಿಗೂ ಸೇರಿ ಒಂದೇ ವೇರಿಯಬಲ್, ಅಂದರೆ ಲೆಕ್ಕ ಬರೆದಿಡುವ ಒಂದೇ ಚೀಟಿ: ‘ಒಳಗಿರುವವರು’. ಹೋಗುವಾಗ ಗುಂಡಿ ಒತ್ತಿದರೆ ಒಂದು ಕೂಡುತ್ತದೆ, ಬರುವಾಗ ಒತ್ತಿದರೆ ಒಂದು ಕಳೆಯುತ್ತದೆ. ಸೊನ್ನೆಯಾದರೆ ಹಸಿರು ದೀಪ, ಪ್ರೆಸ್ ಚಾಲೂ ಮಾಡಬಹುದು. ನಾನೊಬ್ಬನೇ ಈ ಬಾಗಿಲಿನಿಂದ ಆ ಬಾಗಿಲಿಗೆ ಓಡಾಡಿ, ಒತ್ತಿ ನೋಡಿ, ಲೋಕಕಲ್ಯಾಣವಾಯಿತೆಂದು ಘೋಷಿಸಿದ್ದೆ.

ಆದರೆ ಮಿಲ್ಲಿನವರು ಒಬ್ಬೊಬ್ಬರಾಗಿ ಏನನ್ನೂ ಮಾಡುವವರಲ್ಲ. ಎತ್ತಲಿ, ತಳ್ಳಲಿ, ‘ಐಸಾ!’ ಎಂಬ ಕೂಗಿಗೇ ಎಲ್ಲರ ಕೈ ಏಳುವುದು. ಆ ಮಧ್ಯಾಹ್ನ ಹತ್ತಿ ಸಿಕ್ಕಿಕೊಂಡಿತು. ಎಲ್ಲರೂ ಚಾಚಾ ಎಂದು ಕರೆಯುವ ದುರ್ಗದ ಪೇಟೆಯ ಹಳೇ ಮಿಸ್ತ್ರಿ ಒಂದು ಬಾಗಿಲಲ್ಲಿ, ಮದಕರಿಪುರದ ಹಮಾಲಿ ಇನ್ನೊಂದರಲ್ಲಿ ನಿಂತರು.

“ಏನ್ ಚಾಚಾ, ಗುಂಡಿ ಒತ್ತಾಕೂ ಐಸಾ ಅನ್ಬೇಕಾ?”

“ಅನ್ಬೇಕಲೇ. ಐಸಾ ಇಲ್ದೆ ನಿನ್ ಕೈ ಯಾವತ್ತು ಎದ್ದೈತೆ?”

‘ಐಸಾ!’ ಇಬ್ಬರೂ ಒಟ್ಟಿಗೆ ಒತ್ತಿ ಒಳಗಿಳಿದರು. ಸ್ವಲ್ಪ ಹೊತ್ತಿಗೆ ಹಮಾಲಿ ಸೀನುತ್ತಾ ಹೊರಬಂದು, ಗುಂಡಿ ಒತ್ತಿ, ನೀರು ಕುಡಿಯಲು ಹೋದ. ಹಸಿರು ದೀಪ ಹತ್ತಿತು.

ನಾನು ಪ್ರೆಸ್ಸಿನ ಬದಿಯಲ್ಲೇ ಕೂತಿದ್ದೆ. ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಸೊನ್ನೆ. ಪ್ರೆಸ್ಸಿನ ಹೊಟ್ಟೆಯೊಳಗಿಂದ ಚಾಚಾ ಕೆಮ್ಮುವ ಸದ್ದು.

“ಹಸಿರು ಬಂತು, ಹಾಕ್ಲಾ ಸರ್?” ಎಂದ ಸ್ವಿಚ್ಚಿನ ಬಳಿಯ ಆಪರೇಟರ್. ಪಕ್ಕದ ಜಿನ್ನಿಂಗ್ ಮೋಟಾರಿನ ಗದ್ದಲದಲ್ಲಿ ಅವನಿಗೆ ಕೆಮ್ಮು ಕೇಳಿಸಿರಲಿಲ್ಲ. ಉತ್ತರಕ್ಕೆ ಕಾಯದೆ ಕೈ ಚಾಚಿದ. ಇಷ್ಟು ವರ್ಷ ಕಲಿತ ವಿದ್ಯೆಯೆಲ್ಲ ಸಭೆ ಬಿಟ್ಟು ಎದ್ದು ಹೋಗಿತ್ತು. ಕಾಲು ಮಾತ್ರ ಓಡಿತು. ಅವನ ಮಣಿಕಟ್ಟು ಹಿಡಿದು ಜೋತುಬಿದ್ದೆ.

“ಏನಾತ್ರೀ? ಬಿಡ್ರೀ, ಕೈ ಮುರಿತೈತೆ!”

“ಚಾಚಾ ಒಳಗಿದ್ದಾರೆ!” ಎಂದೆ. ಅವನು ದೀಪ ನೋಡಿದ, ಪ್ರೆಸ್ಸು ನೋಡಿದ, ಸ್ವಿಚ್ಚಿನಿಂದ ದೂರ ಸರಿದ.

ಮೈತುಂಬ ಹತ್ತಿ ಮೆತ್ತಿಕೊಂಡು ಚಾಚಾ ಹೊರಬಂದರು. ವಿಷಯ ತಿಳಿದು, “ಅರೇ, ನಿಮ್ ಲೆಕ್ಕದಾಗೆ ನಾನ್ ಆಗ್ಲೇ ಇಲ್ವೇನ್ರೀ?” ಎಂದು ನಕ್ಕರು.

ನಡೆದದ್ದು ಇಷ್ಟೇ. ಇಬ್ಬರು ಗುಮಾಸ್ತರೂ ಒಂದೇ ಕ್ಷಣದಲ್ಲಿ ವೇರಿಯಬಲ್ ಓದಿದರು. ಇಬ್ಬರಿಗೂ ಕಂಡದ್ದು ಸೊನ್ನೆ. ಇಬ್ಬರೂ ಪರಮ ಶ್ರದ್ಧೆಯಿಂದ ‘ಒಂದು’ ಎಂದು ಬರೆದರು. ಹಾಗಾಗಿ ಒಬ್ಬ ಹೊರಬಂದೊಡನೆ ಲೆಕ್ಕದ ಪ್ರಕಾರ ಪ್ರೆಸ್ಸು ಖಾಲಿ. ಕೂತು ಲಾಕ್ ಸೇರಿಸಿದೆ: ಒಬ್ಬ ಓದಿ, ಕೂಡಿ, ಬರೆದು ಮುಗಿಸುವ ತನಕ ಇನ್ನೊಬ್ಬ ವೇರಿಯಬಲ್ಲನ್ನು ಮುಟ್ಟಕೂಡದು.

ಮತ್ತೆ ಪರೀಕ್ಷೆ. ಪ್ರೆಸ್ಸಿನ ಫ್ಯೂಸು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಬರೀ ಗುಂಡಿ ಒತ್ತಿದರೆ ಸಾಕೆಂದರೂ ಚಾಚಾ ಕೇಳದೆ, ‘ಐಸಾ!’ ಎಂದು ಹಮಾಲಿಯೊಡನೆ ಇಳಿದೇಬಿಟ್ಟರು. ಪರದೆ ಎರಡು ಎಂದಿತು. ಹಮಾಲಿ ಬಂದ, ಒಂದು. ಚಾಚಾ ಬಂದರು, ಸೊನ್ನೆ. ಹಸಿರು.

“ಈಗ ಫ್ಯೂಸ್ ಕೊಡ್ರಿ ಸರ್,” ಎಂದ ಆಪರೇಟರ್.

ನಾನು ಪ್ರೆಸ್ಸಿನೊಳಗೆ ತಲೆ ಹಾಕಿ, “ಯಾರಾದ್ರೂ ಇದ್ದೀರಾ?” ಎಂದು ಕೂಗಿದೆ. ಮೂವರೂ ನನ್ನ ಪಕ್ಕದಲ್ಲೇ ನಿಂತಿದ್ದರು.