ಸುಂದರ ತಂದಿಟ್ಟ ಪೈಪು

ಸುಂದರ ಮೆಕ್ಯಾನಿಕ್ ನಿಮ್ಮ ಅಜ್ಜನ ಬೈಕಿನ ಪೈಪನ್ನು ಕದಿಯಲಿಲ್ಲ. ಅದನ್ನು ಕತ್ತರಿಸಿದವಳು ನಾನು. ಕೇಳಿದಾಗ ಸುಳ್ಳು ಹೇಳಿದವಳೂ ನಾನೇ.

ಸಿಂಧು, ವಿನಯ — ಇದನ್ನು ನಿಮ್ಮ ಎದುರಿಗೆ ಕೂತು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಆಗಲಿಲ್ಲ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಕಳೆದ ದಸರಾ ರಜೆಯಲ್ಲಿ ವಿನಯನ ಮೊಬೈಲ್ ಚಾರ್ಜರ್ ಕಾಣದೇ ಹೋದಾಗ ಸಿಂಧು, "ಸುಂದರ ಮೆಕ್ಯಾನಿಕ್ ತಗಂಡ್ ಹೋದ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಮಚ ಕಾಣದಿದ್ದರೂ ಚಪ್ಪಲಿ ಕಾಣದಿದ್ದರೂ ನಮ್ಮ ಮನೆಯಲ್ಲಿ ಅದೇ ಮಾತು. ಶುರು ಮಾಡಿದ್ದು ನಿಮ್ಮ ಅಜ್ಜ. ಅವರು ತೀರಿಕೊಂಡು ಎರಡು ವರ್ಷವಾಯಿತು, ಮಾತು ಉಳಿದಿದೆ. ನೀವಿಬ್ಬರೂ ಸುಂದರನ ಮುಖವನ್ನೇ ನೋಡಿಲ್ಲ. ಮುಖ ನೋಡದ ಮಕ್ಕಳ ಬಾಯಲ್ಲೂ ಅವನು ಕಳ್ಳ — ಅದು ನನ್ನ ಕೆಲಸ.

ಅಜ್ಜ ಕರೆಂಟ್ ಆಫೀಸಿನಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದವರು. ಹರಿಹರಪುರದ ಸುತ್ತಿನ ಗುಡ್ಡಗಳನ್ನೆಲ್ಲ ಮೂವತ್ತು ವರ್ಷ ಕಾಲ್ನಡಿಗೆಯಲ್ಲೇ ಹತ್ತಿ ಇಳಿದರು. ರಿಟೈರ್ ಆದ ಮೇಲೆ ನೆಮ್ಮಾರಿನ ಕಡೆಯ ಕಾಫಿ ತೋಟವೊಂದರ ಗೋದಾಮಿನಲ್ಲಿ ಬಿದ್ದಿದ್ದ, ಬ್ರಿಟಿಷರ ಕಾಲದ ಒಂದು ಮೋಟಾರ್ ಸೈಕಲ್ಲನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು.

"ಕಾಲು ಸಾಕು ಅಂತಿದೆ ಮಾರಾಯ್ತಿ. ಇನ್ನು ಕೂತ್ಕಂಡೇ ಊರು ನೋಡ್ತೀನಿ. ನಿನ್ನೂ ಹಿಂದೆ ಕೂರಿಸ್ಕತ್ತೀನಿ."

"ಥೂ, ನಾಚ್ಕೆಯಾಗಲ್ವಾ?" ಎಂದಿದ್ದೆ. ಒಳಗೊಳಗೆ ಆಸೆಯೂ ಆಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಸುಂದರನ ಶೆಡ್ಡು ಆಗ ಕೊಪ್ಪದಲ್ಲಿತ್ತು. ಪ್ರತಿ ಭಾನುವಾರ ಬಂದು ಅಜ್ಜನ ಜೊತೆ ಬೈಕು ಬಿಚ್ಚಿ ಕೂರುತ್ತಿದ್ದ. ಎಂಜಿನ್ ಸರಿಹೋಯಿತು, ಚಕ್ರ ಸರಿಹೋಯಿತು. ಕೊನೆಗೆ ಉಳಿದದ್ದು ಎರಡು ರಬ್ಬರ್ ಪೈಪು. ಆ ಬೈಕಿನಲ್ಲಿ ಎಣ್ಣೆಗೆ ಬೇರೆಯೇ ಟ್ಯಾಂಕು. ಅಲ್ಲಿಂದ ಎಂಜಿನ್ನಿಗೆ ಎಣ್ಣೆ ಹೋಗಲು ಒಂದು ಪೈಪು, ವಾಪಸು ಬರಲು ಇನ್ನೊಂದು. ಹಳೆಯವು ಒಣ ಕಡ್ಡಿಯಂತೆ ಮುರಿದಿದ್ದವು. ನೀರಿನ ಪೈಪು ಹಾಕಿ ನೋಡಿದರು — ಬಿಸಿ ಎಣ್ಣೆಗೆ ಉಬ್ಬಿ ಮೆತ್ತಗಾಯಿತು. ಮೂರು ತಿಂಗಳು ಇಬ್ಬರೂ ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಅಂಗಡಿಗಳನ್ನೆಲ್ಲ ಜಾಲಾಡಿದರು.

ಒಂದು ಸೋಮವಾರ ಅಜ್ಜ ಮತ್ತೆ ಶೃಂಗೇರಿಗೆ ಹೋಗಿದ್ದರು, ಪೈಪು ಹುಡುಕಲೆಂದೇ. ಅತ್ತ ಅವರ ಬಸ್ಸು ಹೋಯಿತು, ಇತ್ತ ಸುಂದರ ಬಂದ.

"ಅತ್ತಿಗೆ, ಸಿಕ್ತು! ಶಿವಮೊಗ್ಗದಲ್ಲಿ ರೋಡ್ ರೋಲರ್ ರಿಪೇರಿ ಮಾಡೋರ ಹತ್ರ. ಎಂತಾ ಮಾಲು ಅಂತೀರಿ! ಇಲ್ಲಿ ಜಗಲಿ ಗೋಡೆಯ ಗೂಡಲ್ಲಿ ಇಟ್ಟಿದೀನಿ. ಅಣ್ಣಂಗೆ ಹೇಳಿ, ನಾಡಿದ್ದು ಬಂದು ಎರಡು ತುಂಡು ಮಾಡಿ ಹಾಕ್ತೀನಿ."

ನಾನು ಬಾಗಿಲ ಹಿಂದಿನಿಂದ "ಹೂಂ" ಅಂದೆ. ಗಂಡಸರೊಡನೆ ಅದಕ್ಕಿಂತ ಹೆಚ್ಚು ಮಾತಾಡಿ ಅಭ್ಯಾಸವಿರಲಿಲ್ಲ. ಅವನು ಮುಂದಿನ ಬಸ್ಸಿಗೇ ಹೊರಟುಹೋದ.

ಅದೇ ಮಧ್ಯಾಹ್ನ ನನ್ನ ಗೋಬರ್ ಗ್ಯಾಸಿನ ಒಲೆಯ ಪೈಪು ಸೀಳಿತು. ಗೂಡಿನಲ್ಲಿದ್ದ ಪೊಟ್ಟಣ ಬಿಚ್ಚಿದೆ. ಗೊತ್ತಿಲ್ಲದೆ ಮಾಡಿದೆ ಎಂದು ಬರೆಯಲು ಈಗಲೂ ಆಸೆಯಾಗುತ್ತದೆ — ಆದರೆ ಗೊತ್ತಿತ್ತು. ಕಪ್ಪಗೆ ಹೊಳೆಯುವ, ಎರಡು ಮೊಳ ಉದ್ದದ ಪೈಪು. ಇಷ್ಟು ಉದ್ದದಲ್ಲಿ ಒಂದು ಗೇಣು ಕಡಿಮೆಯಾದರೆ ಏನಾದೀತು ಎಂದುಕೊಂಡೆ. ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಮೇಲೆ ಇಟ್ಟು ಕೊಯ್ದೆ. ಗೇಣು ಎಲ್ಲಿಗೂ ಸಾಲಲಿಲ್ಲ. ಉಳಿದುದರಲ್ಲಿ ಒಂದು ಮೊಳಕ್ಕೂ ಹೆಚ್ಚು ಕೊಯ್ದು, ಬಿಸಿನೀರಿನಲ್ಲಿ ಅದ್ದಿ, ಗ್ಯಾಸಿನ ನಲ್ಲಿಗೂ ಒಲೆಗೂ ತೂರಿಸಿದೆ. ಕೊನೆಗೆ ಕೈಯಲ್ಲಿ ಉಳಿದದ್ದು ಎರಡು ಮೋಟು ತುಂಡು. ಒಲೆಯನ್ನೇ ನಲ್ಲಿಯ ಹತ್ತಿರ ಸರಿಸಬಹುದಿತ್ತು. ಅದು ಹೊಳೆದದ್ದು ಮಾರನೆಯ ದಿನ.

ಸಂಜೆ ಅಜ್ಜ ಬರಿಗೈಯಲ್ಲಿ ಬಂದರು. "ಈ ಪೈಪು ಬೇಕಾದ್ರೆ ಬ್ರಿಟಿಷರನ್ನೇ ವಾಪಸ್ ಕರೀಬೇಕಂತೆ, ಅಂಗಡಿಯವನು ಹೇಳ್ದ" ಎಂದು ನಗಲು ನೋಡಿದರು. ನಗು ಬರಲಿಲ್ಲ. ಕಾಫಿ ಕುಡಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಕಾಫಿಯ ನೀರು ಕುದಿಯುತ್ತಿದ್ದದ್ದು ಅದೇ ಪೈಪಿನ ಉರಿಯಲ್ಲಿ. ಹೇಗೆ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ — ಆ ದಿನ ಕಳೆಯಿತು. ಮಾರನೆಯ ದಿನವೂ.

ಬುಧವಾರ ಸುಂದರ ಕುಣಿಯುತ್ತಾ ಬಂದ. "ಅಣ್ಣ, ಪೈಪು ಹಾಕಣಾ?"

"ಯಾವ ಪೈಪು?"

ಗೂಡು ನೋಡಿದರು. ಬೆಂಚಿನ ಕೆಳಗೆ ನೋಡಿದರು. "ಅತ್ತಿಗೆಗೆ ಹೇಳಿ ಇಟ್ಟು ಹೋಗಿದೀನಿ" ಎಂದ ಸುಂದರ. ಅಜ್ಜ ನನ್ನನ್ನು ಜಗಲಿಗೆ ಕರೆದರು.

"ಸರಸ, ಇವ ಪೈಪು ಇಟ್ಟಿದ್ದು ನೋಡಿದ್ಯಾ?"

"ನಾ ನೋಡ್ಲಿಲ್ಲ."

ಅಷ್ಟೇ. ಹೇಳುವ ಮೊದಲು ಯೋಚಿಸಿರಲಿಲ್ಲ, ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳಲಿಲ್ಲ. ಸುಂದರ ನನ್ನ ಮುಖ ನೋಡಿದ. ಆಮೇಲೆ ತನ್ನ ಚೀಲವನ್ನೇ ಜಗಲಿಯ ಮೇಲೆ ಸುರಿದು, ಸ್ಪ್ಯಾನರುಗಳ ನಡುವೆ ಹುಡುಕತೊಡಗಿದ. ನಾನು ಒಳಗೆ ಹೋದೆ.

ನಿಮ್ಮ ಅಜ್ಜನಿಗೆ ನಾನು ಹೆದರಿದ್ದೆ ಎನ್ನಲಾರೆ. ನಿಜ ಹೇಳಿದ್ದರೆ ಎರಡು ದಿನ ಗೊಣಗುತ್ತಿದ್ದರು, ಮೂರನೆಯ ದಿನ ನಗುತ್ತಿದ್ದರು. ಅಂಥವರ ಮುಂದೆ ಯಾಕೆ ಸುಳ್ಳು ಹೇಳಿದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಪೆದ್ದಿ ಅನ್ನಿಸಿಕೊಳ್ಳಬಾರದು ಎಂದಿರಬೇಕು — ಇಷ್ಟೇ ಇಷ್ಟು ಕಾರಣ.

ವಾರದ ಮೇಲೆ ಎನ್.ಆರ್.ಪುರದಲ್ಲಿ, ಸುಂದರ ರಿಪೇರಿ ಮಾಡಿದ ಅಂಥದೇ ಬೈಕೊಂದು ಸಲೀಸಾಗಿ ಓಡುವುದನ್ನು ಅಜ್ಜ ಕಂಡರು. ತಮ್ಮ ಪೈಪು ಅಲ್ಲಿ ಸೇರಿದೆ ಎಂದು ತೀರ್ಮಾನಿಸಿಬಿಟ್ಟರು. ಕೊಪ್ಪದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ, ಜೀಪು-ಲಾರಿ ಡ್ರೈವರುಗಳೆಲ್ಲ ನಿಂತಿರುವಾಗ, "ನನ್ನ ಪೈಪು ತಿಂದು ನೀರು ಕುಡಿದ ಆ ಸುಂದರ" ಎಂದು ಹೇಳಿ ಬಂದರು. ಮಧ್ಯಾಹ್ನ ಊಟಕ್ಕೆ ಕೂತು ನನಗೂ ಹೇಳಿದರು. ನಾನು ಸಾರು ಬಡಿಸಿದೆ.

ಸುಂದರನ ಶೆಡ್ಡಿಗೆ ಗಾಡಿಗಳು ಬರುವುದು ಕಡಿಮೆಯಾಯಿತು. ವರ್ಷದೊಳಗೆ ಅದನ್ನು ಮುಚ್ಚಿ ಎನ್.ಆರ್.ಪುರದಲ್ಲಿ ಬೇರೆಯವರ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ. ಪೈಪು ಎಲ್ಲಿ ಸಿಕ್ಕಿತೆಂದು ಅವನನ್ನು ಕೇಳಲು ಅಜ್ಜನ ಮನಸ್ಸು ಒಪ್ಪಲಿಲ್ಲ. ಶಿವಮೊಗ್ಗದಲ್ಲಿ ಸಿಕ್ಕಿದ್ದೆಂದು ನನಗೆ ಗೊತ್ತಿತ್ತು — ಹೇಳಿದರೆ, ಅದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಬೈಕು ಓಡಲೇ ಇಲ್ಲ. ನಾಲ್ಕು ವರ್ಷ, ಸಿಲಿಂಡರ್ ಬರುವವರೆಗೆ, ಅಜ್ಜ ಕುಡಿದ ಪ್ರತಿ ಲೋಟ ಕಾಫಿಯೂ ಆ ಪೈಪಿನ ಗ್ಯಾಸಿನಲ್ಲೇ ಕಾದದ್ದು. ಅವರಿಗೆ ಹೇಳದೆಯೇ ಅವರನ್ನು ಕಳಿಸಿಕೊಟ್ಟೆ. ಅದನ್ನು ಇನ್ನು ಯಾರೂ ಸರಿ ಮಾಡಲಾಗದು.

ಸುಂದರ ಇದ್ದಾನಲ್ಲ, ಎಂದು ದಸರಾ ಮುಗಿದ ಮೇಲೆ ಹೊಳೆಯಿತು. ಒಬ್ಬಳೇ ಬಸ್ಸು ಹತ್ತಿ, ಹೆಂಗಸರನ್ನಷ್ಟೇ ದಾರಿ ಕೇಳುತ್ತಾ, ಎನ್.ಆರ್.ಪುರದ ಗ್ಯಾರೇಜಿನ ಮುಂದೆ ಹೋಗಿ ನಿಂತೆ. ತಲೆ ನರೆತಿದೆ ಅವನಿಗೆ. ಅವನೇ ಗುರುತು ಹಿಡಿದು, "ಅತ್ತಿಗೆ! ಎಂತ ಇಷ್ಟು ದೂರ?" ಎಂದ.

"ಪೈಪು ನೀನು ಇಟ್ಟಿದ್ದೆ ಸುಂದರ. ನಾನು ನೋಡಿದ್ದೆ. ಕತ್ತರಿಸಿ ಗೋಬರ್ ಗ್ಯಾಸಿನ ಒಲೆಗೆ ಹಾಕ್ದೆ."

ಅವನು ಕೈ ಒರೆಸಿಕೊಂಡ. "ಸೋರ್ಲಿಲ್ವಾ?"

"ಇಲ್ಲ. ನಾಲ್ಕು ವರ್ಷ ಬಂತು."

"ಬರ್ದೇ ಇರುತ್ತಾ ಮತ್ತೆ! ಅಂಥಾ ಮಾಲು ಅದು!" ಗಟ್ಟಿಯಾಗಿ ನಕ್ಕ. ಅರ್ಧದಲ್ಲಿ ನಗು ನಿಂತಿತು. "ಅತ್ತಿಗೆ, ನೀವು ಸುಳ್ಳು ಹೇಳ್ತೀರಿ ಅಂತ ನಂಗೆ ಅನ್ಸಲೇ ಇಲ್ಲ. ಬಸ್ಸಲ್ಲೇ ಬಿಟ್ಟಿದೀನಿ, ಇಟ್ಟ ಹಾಗೆ ನಂಗೇ ಭ್ರಮೆ ಅಂದ್ಕಂಡೆ. ಈಗ್ಲೂ ಒಂದು ನಟ್ಟು ಬಿಗಿದ್ರೆ ಎರಡು ಸಲ ಮುಟ್ಟಿ ನೋಡ್ತೀನಿ."

ಅವನನ್ನು ಕಳ್ಳ ಎನ್ನಿಸಿದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ತನ್ನ ಕೈಯನ್ನೇ ಅವನು ನಂಬದ ಹಾಗೆ ಮಾಡಿದ್ದೆ. "ತಪ್ಪಾಯ್ತು" ಎಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಎನ್ನದಿದ್ದದ್ದೇ ಸರಿ.

ಆಮೇಲೆ ಅವನೇ ಕೇಳಿದ. "ಬೈಕ್ ಮಾರಿದ್ರಾ?"

"ಇಲ್ಲ."

"ಆ ಪೈಪು ಈಗ ಕೊಪ್ಪದಲ್ಲಿ ಅಣ್ಣ ನನ್ನ ಹೆಸರು ಎತ್ತಿದ ಆ ಅಂಗಡಿಲೇ ಸಿಗುತ್ತೆ, ಅಡಿ ಲೆಕ್ಕದಲ್ಲಿ. ನಾನು ಅಲ್ಲಿಗೆ ಹೋಗಲ್ಲ. ಸ್ಪೇರ್ ಬೇಕಾದ್ರೆ ಕೊಪ್ಪ ದಾಟಿ ಶೃಂಗೇರಿಗೆ ಹೋಗ್ತೀನಿ, ಇಷ್ಟು ವರ್ಷದಿಂದ. ನೀವು ತನ್ನಿ. ಈಗ ನಂಗೆ ಹೇಳಿದ್ದನ್ನ ಅಲ್ಲೂ ಹೇಳಿ. ಆಮೇಲೆ ನಾನು ಬಂದು ಹಾಕ್ತೀನಿ."

ನಾಳೆ ಬೆಳಿಗ್ಗೆಯ ಬಸ್ಸಿಗೆ ಕೊಪ್ಪಕ್ಕೆ ಹೋಗುತ್ತೇನೆ. ಅಂಥ ಅಂಗಡಿಯ ಮೆಟ್ಟಿಲನ್ನು ನಾನು ಈವರೆಗೆ ಹತ್ತಿಲ್ಲ. ಎಂಜಿನ್ ಎಣ್ಣೆ ತಡೆಯುವ ಪೈಪು, ಎರಡೂವರೆ ಅಡಿ ಎಂದು ಕೇಳಬೇಕು. ಮನೆಯಲ್ಲೇ ನಾಲ್ಕಾರು ಸಲ ಹೇಳಿ ನೋಡಿಕೊಂಡಿದ್ದೇನೆ. ಉಳಿದ ಮಾತನ್ನು ಮಾತ್ರ ಹೇಳಿ ನೋಡಿಲ್ಲ. ಅಲ್ಲಿ ಡ್ರೈವರುಗಳು ನಿಂತಿರುತ್ತಾರೆ, ಗಿರಾಕಿಗಳು ಇರುತ್ತಾರೆ. ಅವರೆಲ್ಲ ಹೋಗಲಿ ಎಂದು ನಾನು ಕಾಯುವುದಿಲ್ಲ. ಅವರು ಇರುವಾಗಲೇ ಹೇಳುತ್ತೇನೆ.