ಕಾಯಿ ಅಲ್ಲಾಡಿಸಿ ನೋಡಿದ ಮೇಲೆ ಸಭೆ

ಧರ್ಮಪುರ ಸೀಮೆಯ ನಮ್ಮ ಶೇಂಗಾ ಬೆಳೆಗಾರರ ಸಂಘಕ್ಕೆ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಸರ್ವಮಂಗಳಮ್ಮನವರ ಬಗ್ಗೆ ಈ ಅಭಿನಂದನ ಗ್ರಂಥದಲ್ಲಿ ಬರೆಯಲು, ಏಳನೇ ತರಗತಿಗೇ ಶಾಲೆ ಬಿಟ್ಟು ಸಂಘದ ಮಿಲ್ಲಿನಲ್ಲಿ ಕಾಯಿ ಒಡೆಯುವ ಯಂತ್ರ ನಡೆಸುವ ನನಗಿಂತ ಓದಿದವರು ಬೇಕಾದಷ್ಟು ಜನರಿದ್ದಾರೆ. ಆದರೆ ನಾನು ಕಂಡದ್ದನ್ನು ಅವರು ಬರೆಯುವುದಿಲ್ಲ.

ಅಮ್ಮನವರು ಸೇರಿದ ವರ್ಷವೇ ಒಂದು ಪದ್ಧತಿ ಹಾಕಿದರು. ಸೋಮವಾರದ ಸಭೆಗೆ ಮುಂಚೆ ಅಧ್ಯಕ್ಷರೂ ಸೇರಿ ಐವರು ನಿರ್ದೇಶಕರೂ ಮಿಲ್ಲಿನ ಅಂಗಳಕ್ಕೆ ಇಳಿದು, ಪ್ರತಿ ರಾಶಿಯಿಂದ ಕಾಯಿ ಹೆಕ್ಕಿ, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಕೈಗೂ ಒಂದು ಕಾಯಿ ಕೊಟ್ಟು, "ಏನಪ್ಪ ರಂಗೇಶ, ಸಾಲಿ ಬಿಟ್ರೆ ಕಿವಿನೂ ಬಿಟ್ಟಂಗಲ್ಲ, ಕೇಳು" ಎಂದಿದ್ದರು.

ಹೋದ ವರ್ಷ ಹೊಸ ಆಡಳಿತ ಮಂಡಳಿ ಬಂತು. ಅಧ್ಯಕ್ಷ ಪಂಚಾಕ್ಷರಪ್ಪನವರಿಗೆ ಧೂಳು ಆಗದು. ಸಭೆ ಚಿತ್ರದುರ್ಗದ ಹೋಟೆಲಿಗೆ ಹೋಯಿತು. ರಾಶಿ ಇಲ್ಲಿ, ತೀರ್ಮಾನ ಅಲ್ಲಿ. ಹಸಿ ಕಾಯಿ ಗೋದಾಮು ಸೇರಿ ಬೂಷ್ಟು ಹಿಡಿಯಿತು, ಮಿಲ್ಲು ಹದಿನೇಳು ದಿನ ನಿಂತಿತು. ತಪ್ಪು ಯಾರದು? ಯಂತ್ರ ಸರಿಯಾಗಿ ನಡೆಸದ ನನ್ನದಂತೆ. ಕೆಲಸದಿಂದ ತೆಗೆಯುವ ಠರಾವು ಬರೆದು ನನ್ನನ್ನು ಆ ಹೋಟೆಲಿಗೆ ಕರೆಸಿದರು.

ಕೂಗಾಡಲೆಂದೇ ಹೋಗಿದ್ದೆ. ಅಷ್ಟರಲ್ಲಿ ಅಮ್ಮನವರು ಎದ್ದರು.

"ಅವನನ್ನ ತೆಗೀಬ್ಯಾಡ್ರಿ. ಸಭೆ ಇಲ್ಲಿಗೆ ತರಾಕೆ ಒಪ್ಪಿ ಸಹಿ ಹಾಕಿದೋಳು ನಾನು. ಮಂಡಿ ನೋವು ಅಂತ ನಾನೂ ಅಂಗಳಕ್ಕೆ ಇಳೀಲಿಲ್ಲ. ತಪ್ಪು ಮ್ಯಾಲೆ ಕುಂತಿರೋ ಆರು ಜನದ್ದು. ನನ್ನ ಹೆಸರು ಮೊದಲು ಬರೀರಿ."

"ಮೇಡಮ್ಮಾರೆ, ರಿಟೈರಾಗೋ ಹೊತ್ನಾಗೆ ಯಾಕ್ರಿ ಮೈಮ್ಯಾಲೆ ಎಳ್ಕಂತೀರಿ?" ಎಂದರು ಅಧ್ಯಕ್ಷರು.

ಅಮ್ಮನವರು ಬ್ಯಾಗಿನಿಂದ ಗೋದಾಮಿನ ಕಾಯಿಯೊಂದನ್ನು ತೆಗೆದು ಅವರ ಮುಂದಿಟ್ಟರು. "ಅಲ್ಲಾಡ್ಸಿ ನೋಡ್ರಿ."

ಅಲ್ಲಾಡಿಸಿದರು. ಸದ್ದಿಲ್ಲ.

ಮೇಲಿನವರು ತಪ್ಪು ಒಪ್ಪಿದ್ದನ್ನು ನನ್ನ ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಕಂಡದ್ದು ಅದೊಂದೇ ಸಲ. ಆ ದಿಗ್ಭ್ರಮೆ ಇನ್ನೂ ಇಳಿದಿಲ್ಲ. ಠರಾವು ಬಿತ್ತು, ನನ್ನ ಕೆಲಸ ಉಳಿಯಿತು. ಛೀಮಾರಿಯ ಪತ್ರ ಮಾತ್ರ ಅವರೊಬ್ಬರಿಗೇ ಹೋಯಿತು. ಅದಕ್ಕೆ ಸಹಿ ಹಾಕಿದ ಐವರ ಶುಭಾಶಯಗಳೇ ಈ ಗ್ರಂಥದ ಮೊದಲ ಪುಟಗಳಲ್ಲಿವೆ ಎಂದು ತಿಳಿದು ಮತ್ತೊಮ್ಮೆ ದಂಗಾದೆ.

ಅಮ್ಮನವರು ನೂರು ವರ್ಷ ಬಾಳಲಿ, ಅವರ ಕಿವಿ ಸಂಘಕ್ಕೆ ಇನ್ನೂ ಬೇಕು. ಬರುವ ಸೋಮವಾರ ರಾಶಿಯ ಪಕ್ಕ ಆರು ಕುರ್ಚಿ ಹಾಕಿರುತ್ತೇನೆ. ಮಂಡಿ ನೋವಿದ್ದರೂ ಅವರು ಬಂದೇ ಬರುತ್ತಾರೆ. ಉಳಿದ ಐದು ಕುರ್ಚಿಗಳ ಧೂಳನ್ನು ನಾನೇ ಒರೆಸಿರುತ್ತೇನೆ.