ಇಲಿಗಳಿಗೆ ಬಂದ ಅತ್ತೆಯ ಕರೆ

ಇಲಿಗಳು ಹನ್ನೆರಡಿದ್ದವೋ ಹದಿನಾಲ್ಕೋ, ಈಗ ಖಾತ್ರಿಯಿಲ್ಲ. ವಡಾಲದ ಸೋದರತ್ತೆಯ ಮಾತು ಮಾತ್ರ ಮರೆತಿಲ್ಲ. ಮೊಬೈಲ್ ವಿಕಿರಣ ಇಲಿಗಳನ್ನು ಏನು ಮಾಡುತ್ತದೆಂದು ನೋಡುವುದು ನನ್ನ ಎಂ.ಎಸ್ಸಿ. ಪ್ರಯೋಗ. ಒಂದು ಪಂಜರದ ಕೆಳಗಿನ ಫೋನಿಗೆ ದಿನವೂ ಕರೆ ಹೋಗಬೇಕು, ಹೋಲಿಕೆಗೆ ಇಟ್ಟ ಇನ್ನೊಂದು ಪಂಜರದ ಫೋನಿಗೆ ಒಂದೂ ಹೋಗಬಾರದು. ಎರಡೂ ತಾವಾಗಿಯೇ ಕರೆ ಎತ್ತಿಕೊಳ್ಳುವ ಫೋನುಗಳು. ಲ್ಯಾಬಿಗೆ ನನ್ನ ಫೋನ್ ಒಯ್ಯುವಂತಿರಲಿಲ್ಲ. ತುರ್ತಿಗಿರಲಿ ಎಂದು ಆ ಎರಡನೆಯದರ ನಂಬರನ್ನು ಅತ್ತೆಗೆ ಕೊಟ್ಟ ದಡ್ಡಿ ನಾನೇ.

ತಿಂಗಳ ಕೊನೆಗೆ ಆ ಫೋನ್ ತೆಗೆದು ನೋಡಿದರೆ ದಿನವೂ ಅತ್ತೆಯ ಕರೆ! ಪ್ರಯೋಗವೆಲ್ಲ ಕೆಟ್ಟು, ಮೊದಲಿನಿಂದ ಮಾಡಬೇಕಾಯಿತು.

"ನೀ ಸುಮ್ನ ಕೇಳಾಕತ್ತಿದ್ದಿ ಅಂತ ತಿಳ್ಕೊಂಡೆ. ಭಾಂಡುಪ್ ಹುಡುಗನ ಸಂಬಂಧದ ವಿಷಯ ಹೇಳಿದಾಗ ಬ್ಯಾಡ ಅನ್ಲಿಲ್ಲ, ಅವನ ಮನಿಯವರಿಗೆ ಹೂಂ ಅಂದೀನಿ," ಎಂದರು ಅತ್ತೆ.

"ಹಂಗಾದ್ರ ಅತ್ತಿ, ಅವ ಯಾವ ಇಲಿನ್ನ ನೋಡಾಕ ಬರ್ತಾನ?" ಎಂದು ಕೇಳಿದೆ.